ಮುಳುಗಿದ ಹಡಗಿನ ಕಲ್ಲಿಗೆ ಊರು ಹುಡುಕುವುದು ಹೇಗೆ?

ಮಿರಜದ ಬಳಿಯ ಖಂಡೇರಾಜುರಿ, ಭೋಸೆ, ದಂಡೋಬಾ ಗುಡ್ಡದ ಸುತ್ತಮುತ್ತ ಬಾವಿ ತೋಡಿದವರಿಗೆ ಇದು ಗೊತ್ತು: ಮೇಲೆ ಎರೆಮಣ್ಣು, ಅದರಡಿ ಗರಸು, ಆಮೇಲೆ ಸುತ್ತಿಗೆಗೂ ಜಗ್ಗದ ಕರಿಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರಿ ಆದ ಬಸಾಲ್ಟ್ ಇದು. ಮಿರಜಕ್ಕೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯೇ ನಿಂತಿದೆ, ನಿಜ. ಆದರೆ ಇದೇ ಕಲ್ಲು ಘಟ್ಟ ಇಳಿದು ಕೊಂಕಣದ ದಂಡೆಯವರೆಗೂ ಹಬ್ಬಿದೆ. ಹಾಗಾಗಿ ಹಳೆಯ ಹಡಗುಗಳ ದಾರಿ ಹುಡುಕುವವರಿಗೆ ನಮ್ಮ ಕರಿಕಲ್ಲಿನ ಜಾತಕ ಬೇಕಾಗುತ್ತದೆ.

ಮುಳುಗಿದ ಹಡಗಿನಲ್ಲಿ ಮೆಣಸು, ಬಟ್ಟೆ, ಹಗ್ಗ ಕೊಳೆತುಹೋಗುತ್ತವೆ. ಮರವನ್ನು ಹುಳ ತಿನ್ನುತ್ತದೆ. ಕಲ್ಲು ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಅದು ಮಾರುವ ಸರಕಿನ ಕಲ್ಲಾಗಿರಬಹುದು, ಲಂಗರಾಗಿರಬಹುದು, ಇಲ್ಲವೆ ನಿಲುಭಾರ. ಹಗುರ ಹಡಗು ಗಾಳಿಗೆ ಮಗುಚದಿರಲೆಂದು ತಳದಲ್ಲಿ ತುಂಬುವ ಕಲ್ಲಿಗೆ ನಿಲುಭಾರ ಎನ್ನುತ್ತಾರೆ. ನನ್ನ ಮಟ್ಟಿಗೆ ಮೂರರಲ್ಲಿ ನಂಬಲು ಯೋಗ್ಯವಾದದ್ದು ಇದೇ. ಬೆಲೆಯಿಲ್ಲದ ಕಲ್ಲನ್ನು ಯಾರೂ ದೂರದಿಂದ ತರಿಸುವುದಿಲ್ಲ. ಬಂದರಿನ ಪಕ್ಕದಲ್ಲಿ ಸಿಕ್ಕಿದ್ದನ್ನೇ ಹೇರುತ್ತಾರೆ. ಯಾವ ಲೆಕ್ಕದ ಪುಸ್ತಕದಲ್ಲೂ ಅದು ಇರುವುದಿಲ್ಲ.

ಕಲ್ಲಿನ ಊರು ಪತ್ತೆಹಚ್ಚುವ ಕೆಲಸ ಗರಗಸದಿಂದ ಶುರುವಾಗುತ್ತದೆ. ಒಂದು ಚೂರು ಕೊಯ್ದು, ಗಾಜಿಗೆ ಅಂಟಿಸಿ, 0.03 ಮಿ.ಮೀ. ದಪ್ಪಕ್ಕೆ ಬರುವತನಕ ಉಜ್ಜುತ್ತಾರೆ. ಅಷ್ಟು ತೆಳುವಾದಾಗ ಕರಿಕಲ್ಲಿನೊಳಗೂ ಬೆಳಕು ಹಾಯುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟರೆ ಪಟ್ಟೆಪಟ್ಟೆಯ ಕಡ್ಡಿಗಳಂತೆ ಕಾಣುವುದು ಪ್ಲೇಜಿಯೋಕ್ಲೇಸ್; ಅವುಗಳ ನಡುವೆ ಬಣ್ಣ ಬದಲಿಸುತ್ತ ಹೊಳೆಯುವುದು ಪೈರಾಕ್ಸೀನ್; ಕೆಲವು ಕಲ್ಲುಗಳಲ್ಲಿ ಆಲಿವೀನ್ ಹರಳೂ ಇರುತ್ತದೆ. ಹರಳುಗಳ ಗಾತ್ರ, ಜೋಡಣೆ ನೋಡಿ ಕಲ್ಲು ಯಾವ ಜಾತಿಯದೆಂದು ಹೇಳಬಹುದು. ಇನ್ನೊಂದು ಚೂರನ್ನು ಪುಡಿಮಾಡಿ ಎಕ್ಸ್-ರೇ ಹಾಯಿಸಿ ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂಗಳ ಪ್ರಮಾಣ ಅಳೆದು, ಊರೂರಿನ ಕಲ್ಲಿನೊಡನೆ ಹೋಲಿಸುತ್ತಾರೆ.

ಅಷ್ಟಕ್ಕೂ ಬಗೆಹರಿಯದಿದ್ದರೆ ವಯಸ್ಸು ಕೇಳಬೇಕು. ಕಲ್ಲಿನೊಳಗಿನ ಪೊಟ್ಯಾಸಿಯಂನ ಒಂದು ಅಂಶ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತಿರುತ್ತದೆ. ಎಷ್ಟು ಆಗಿದೆಯೆಂದು ಅಳೆದರೆ ಲಾವಾ ಆರಿದ ಕಾಲ ತಿಳಿಯುತ್ತದೆ. ನಮ್ಮ ಕಲ್ಲಿಗೆ 6.6 ಕೋಟಿ ವರ್ಷ, ಯೆಮನ್ನಿನ ಏಡನ್‌ನ ಕಲ್ಲಿಗೆ ಒಂದು ಕೋಟಿಯೂ ತುಂಬಿಲ್ಲ. ಕಣ್ಣಿಗೆ ಎರಡೂ ಒಂದೇ ಕಪ್ಪು.

ದಖನ್ನಿನ ಲಾವಾ ಪದರಗಳಲ್ಲೂ ಭೇದವಿದೆ. ಭೂವಿಜ್ಞಾನಿಗಳು ಅವುಗಳಿಗೆ ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ, ಪನ್ಹಾಳ, ದೇಸೂರ ಎಂದು ಊರ ಹೆಸರುಗಳನ್ನೇ ಇಟ್ಟಿದ್ದಾರೆ. ಕೊನೆಯದು ನಮ್ಮ ಬೆಳಗಾವಿ ಪಕ್ಕದ ದೇಸೂರ. ಲಾವಾ ಮೇಲೇಳುವಾಗ ಹಳೆಯ ನೆಲದ ಕಲ್ಲನ್ನು ಎಷ್ಟು ಕರಗಿಸಿಕೊಂಡಿತೆಂಬುದನ್ನು ಸ್ಟ್ರಾನ್ಷಿಯಂ ಐಸೋಟೋಪುಗಳು ಹೇಳುತ್ತವೆ. ಪದರಗಳನ್ನು ಗುರುತಿಸಲು ಅದೂ ಒಂದು ದಾರಿ.

ಈ ವಿದ್ಯೆ ಈಜಿಪ್ಟಿನಲ್ಲಿ ಕೆಲಸಕ್ಕೆ ಬಂತು. ಕೆಂಪು ಸಮುದ್ರದ ಬೆರೆನಿಕೆ ಮತ್ತು ಕುಸೈರ್ ಅಲ್-ಕದೀಮ್ ರೋಮನ್ ಕಾಲದಲ್ಲಿ ಭಾರತದೊಡನೆ ವ್ಯಾಪಾರ ಮಾಡಿದ ಬಂದರುಗಳು. ಅಲ್ಲಿ ಹಡಗಿನವರು ಸುರಿದುಹೋದ ಬಸಾಲ್ಟನ್ನು ಬ್ರಿಟನ್ನಿನ ಪುರಾತತ್ವಜ್ಞ ಡೇವಿಡ್ ಪೀಕಾಕ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಅದರಲ್ಲಿ ಬಹುಪಾಲು ಯೆಮನ್ನಿನ ಕಾನಾ ಬಂದರಿನ ಜ್ವಾಲಾಮುಖಿ ಕಲ್ಲಿಗೆ ತಾಳೆ ಬಿತ್ತು. ಕಾನಾದಿಂದ ಹೊರಡುತ್ತಿದ್ದುದು ಧೂಪದ ಅಂಟು, ಹಗುರ ಸರಕು. ಆ ಹಡಗುಗಳಿಗೆ ತಳದಲ್ಲಿ ಕಲ್ಲು ಬೇಕಾದದ್ದರಲ್ಲಿ ಆಶ್ಚರ್ಯವಿಲ್ಲ.

ಸರಕಿನ ಕಲ್ಲಿನ ಕಥೆ ಬೇರೆ. ಸೈಪ್ರಸ್ ಬಳಿ ಮುಳುಗಿದ ಕೈರೀನಿಯಾ ಹಡಗಿನಲ್ಲಿ 29 ಬೀಸುಕಲ್ಲುಗಳಿದ್ದವು. ಅವು ಗ್ರೀಸಿನ ನಿಸಿರೋಸ್ ದ್ವೀಪದವು. ನಮಗೆ ಹತ್ತಿರದ್ದು ಶ್ರೀಲಂಕಾದ ಗೊಡವಾಯ. 2003ರಲ್ಲಿ ಮುಳುಗುಗಾರರ ಕಣ್ಣಿಗೆ ಬಿದ್ದ ಈ ಹಡಗು ಎರಡು ಸಾವಿರ ವರ್ಷದಷ್ಟು ಹಳೆಯದು. ಗಾಜಿನ ಗಟ್ಟಿಗಳ ಜೊತೆ ಅಲ್ಲಿ ಕಾಲುಳ್ಳ ಅರೆಯುವ ಕಲ್ಲುಗಳೂ ಸಿಕ್ಕವು. ಒಂದರ ಮೇಲೆ ನಂದಿಪದ, ಮೀನು, ಶ್ರೀವತ್ಸದ ಗುರುತು ಕೆತ್ತಿದೆ. ಕಾಲುಳ್ಳ ಅರೆಗಲ್ಲು ದಖನ್ನಿನ ಸಾತವಾಹನ ನೆಲೆಗಳಲ್ಲೂ ಸಿಗುತ್ತದೆ. ಆದರೆ ಆಕಾರ ನಕಲಾಗುತ್ತದೆ, ಹರಳು ನಕಲಾಗುವುದಿಲ್ಲ. ಆಕಾರವೊಂದನ್ನೇ ನೋಡಿ ಊರು ಹೇಳುವವರನ್ನು ನಾನು ನಂಬುವುದಿಲ್ಲ.

ಲಂಗರಿನದೂ ಅದೇ ತೊಡಕು. ಕೊಂಕಣದ ವಿಜಯದುರ್ಗದ ಬಳಿ ಸಿಕ್ಕ ಉದ್ದನೆಯ ಲಂಗರುಗಳಿಗೆ ಮೇಲೆ ಹಗ್ಗದ ತೂತು, ಕೆಳಗೆ ಒಂದಕ್ಕೊಂದು ಅಡ್ಡವಾಗಿ ಎರಡು ಚೌಕ ತೂತು. ಇಂಥವು ಒಮಾನಿನಲ್ಲೂ ಇರಾನಿನ ಸಿರಾಫ್‌ನಲ್ಲೂ ಇವೆ. ಯಾವುದು ಯಾವ ದಂಡೆಯದೆಂದು ಕಲ್ಲನ್ನು ಕೊಯ್ದೇ ನೋಡಬೇಕು.

ನಿಲುಭಾರಕ್ಕೂ ಮಿತಿಯಿದೆ. ಒಂದು ಹಡಗು ಸುರಿದ ಕಲ್ಲನ್ನು ಇನ್ನೊಂದು ತುಂಬಿಕೊಂಡು ಹೋಗಬಹುದು. ಆದ್ದರಿಂದ ಒಂಟಿ ಕಲ್ಲು ಸಾಕ್ಷಿಯಲ್ಲ, ರಾಶಿ ನೋಡಬೇಕು. ಬಂದರಿನಿಂದ ಒಳನಾಡಿನ ದಾರಿಯನ್ನೂ ಅದು ಹೇಳದು. ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ಸಿಕ್ಕ ಗ್ರೀಕರ ಸಮುದ್ರದೇವ, ಕಂಚಿನ ಪೊಸೈಡನ್, ಸಮುದ್ರ ದಾಟಿ ಘಟ್ಟ ಹತ್ತಿ ಪಂಚಗಂಗೆಯ ದಂಡೆಗೆ ಬಂದ. ಅವನನ್ನು ತಂದ ಹಡಗಿನ ಕಲ್ಲೇನಾದರೂ ಉಳಿದಿದ್ದರೆ ಕೊಂಕಣದ ಯಾವುದೋ ಖಾಡಿಯಲ್ಲೇ ಇರಬೇಕು.

ವಿಜಯದುರ್ಗಕ್ಕೋ ಮಾಲವಣಕ್ಕೋ ಹೋದಾಗ ದಂಡೆಯಲ್ಲಿ ತೂತು ಕೊರೆದ ಉದ್ದನೆಯ ಕಲ್ಲು ಕಂಡರೆ ಅಲ್ಲಾಡಿಸಬೇಡಿ, ಮನೆಗಂತೂ ತರಬೇಡಿ. ಫೋಟೊ ತೆಗೆದು, ಜಾಗ ಗುರುತು ಮಾಡಿಕೊಂಡು, ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ತಿಳಿಸಿ.