ಕಾಳು ಒಂದೇ, ಹೆಸರು ಹಲವು!

ರಜೆಗೆ ಫಾರಿನ್ ಟೂರ್ ಪ್ಲಾನ್ ಹಾಕಿದ್ದೀರಾ? ಪಾಸ್‌ಪೋರ್ಟ್, ವೀಸಾ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಸೂಟ್‌ಕೇಸ್ ಸೇರಿತೇ? ಸರಿ. ಆದರೆ ಮನೆಯಲ್ಲಿ ಜಿ6ಪಿಡಿ ಕೊರತೆ ಇರುವ ಮಗು ಇದ್ದರೆ ಇನ್ನೂ ಒಂದು ತಯಾರಿ ಬಾಕಿ ಇದೆ.

ನನ್ನ ಮಗನಿಗೆ ಹುಟ್ಟಿದ ಮೂರನೇ ದಿನ ಕಾಮಾಲೆ ಜಾಸ್ತಿಯಾಗಿ ಲೈಟ್ ಕೆಳಗೆ ಇಟ್ಟಿದ್ದರು. ರಕ್ತಪರೀಕ್ಷೆಯಲ್ಲಿ ವಿಷಯ ಗೊತ್ತಾಯಿತು. ‘ಗಾಬರಿ ಬೇಡಮ್ಮ, ಕೆಲವು ಮಾತ್ರೆ ಮತ್ತೆ ಫಾವಾ ಬೀನ್ಸ್ ಅನ್ನೋ ಕಾಳು ದೂರ ಇಡಿ’ ಅಂದರು ಡಾಕ್ಟರು. ಜೋಗುಪಾಳ್ಯದ ನಮ್ಮ ತರಕಾರಿ ಅಂಗಡಿಯಲ್ಲಿ ಆ ಕಾಳನ್ನು ನಾನು ಕಂಡೇ ಇಲ್ಲ. ಹಾಗಾಗಿ ಎಂಟು ವರ್ಷ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ದುಬೈನಲ್ಲಿರುವ ತಂಗಿ ಮನೆಗೆ ಹೋದೆವು. ಒಂದು ದಿನ ಹೋಟೆಲಿನ ಬಫೆಯಲ್ಲಿ ಮಗ ‘ಅಮ್ಮಾ, ಕಾಳು ಗೊಜ್ಜು!’ ಅಂತ ಬಟ್ಟಲು ತುಂಬಿಸಿಕೊಂಡು ಬಂದ. ಪಾತ್ರೆ ಮುಂದಿನ ಚೀಟಿಯಲ್ಲಿ ‘ಫೂಲ್’ ಅಂತಿತ್ತು. ಹಿಂದಿಯ ಹೂವು ಅಂದುಕೊಂಡೆ ನಾನು! ತಂಗಿ ವಿಚಾರಿಸಿದರೆ, ಅದೇ ಫಾವಾ. ಚಮಚ ಬಾಯಿಗೆ ಹೋಗುವ ಮುಂಚೆ ಕಿತ್ತುಕೊಂಡೆ. ಅವನು ಅಳುತ್ತಿದ್ದ, ನನ್ನ ಕೈ ನಡುಗುತ್ತಿತ್ತು.

ಯಾಕಿಷ್ಟು ಭಯ?

ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ ಇಂಥವರಲ್ಲಿ ಕಡಿಮೆ. ಫಾವಾದಲ್ಲಿರುವ ಕೆಲವು ಅಂಶಗಳು ದೇಹ ಸೇರಿದರೆ ಕಣಗಳು ಒಡೆಯುತ್ತವೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ ಅಂತ ಅಂದಾಜು. ಗಂಡುಮಕ್ಕಳಿಗೆ ಇದು ತಾಯಿಯ ಕಡೆಯಿಂದ ಬರುತ್ತದೆ. ಹೆಣ್ಣುಮಕ್ಕಳಲ್ಲೂ ಕಾಣಿಸಬಹುದು. ‘ನಿನ್ನಿಂದಲೇ ಬಂತು’ ಅಂತ ಯಾರಾದರೂ ಚುಚ್ಚಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಣ್ಣಿನ ಬಣ್ಣದ ಹಾಗೆ ಇದೂ ವಂಶವಾಹಿ, ತಾಯಿಯ ತಪ್ಪಲ್ಲ.

ಇನ್ನೊಂದು ಮಾತು. ನಮ್ಮ ಅವರೆಕಾಳು ಬೇರೆ ಗಿಡದ್ದು, ಫಾವಾ ಅಲ್ಲ. ಕೆಲವು ಅಂಗಡಿಗಳಲ್ಲಿ ಅವರೆಗೂ ‘ಬ್ರಾಡ್ ಬೀನ್ಸ್’ ಅಂತ ಬರೆಯುವುದರಿಂದ ಗೊಂದಲ ಅಷ್ಟೆ. ಡಾಕ್ಟರನ್ನು ಕೇಳಿಯೇ ನಾನು ಮಗನಿಗೆ ಹಿತಕಿದ ಬೇಳೆ ಸಾರು ಬಡಿಸುತ್ತೇನೆ.

ಹೊರಡುವ ಮುನ್ನ

* ಹೆಸರು ಕಲಿಯಿರಿ: ಇಂಗ್ಲೆಂಡಿನಲ್ಲಿ ಬ್ರಾಡ್ ಬೀನ್, ಅರಬ್ ದೇಶಗಳಲ್ಲಿ ಫೂಲ್, ಇಟಲಿಯಲ್ಲಿ ಫಾವೆ, ಸ್ಪೇನಿನಲ್ಲಿ ಆಬಾಸ್, ಜಪಾನಿನಲ್ಲಿ ಸೊರಾಮಾಮೆ.

* ಫಲಾಫೆಲ್ ಕಂಡರೆ ಕೇಳಿ: ನೋಡಲು ನಮ್ಮ ವಡೆಯಂತಿದ್ದರೂ ಈಜಿಪ್ಟಿನಲ್ಲಿ ಮಾಡುವುದು ಫಾವಾದಿಂದ. ಬೇರೆ ಕಡೆ ಹೆಚ್ಚಾಗಿ ಕಡಲೆ, ಕೆಲವೆಡೆ ಎರಡೂ ಬೆರಕೆ.

* ಬೀಜ ಕಾಣದಿದ್ದರೂ ಇರಬಹುದು: ಚೀನಾದ ಮಾಪೋ ತೋಫುವಿಗೆ ಹಾಕುವ ಖಾರದ ಪೇಸ್ಟ್ ಇದೇ ಕಾಳಿನದು. ಫ್ರಾನ್ಸಿನ ಸಾಂಪ್ರದಾಯಿಕ ಬ್ರೆಡ್ಡಿಗೆ ಶೇ 2ರವರೆಗೆ ಇದರ ಹಿಟ್ಟು ಸೇರಿಸಲು 1993ರ ಕಾನೂನಿನಲ್ಲಿ ಅವಕಾಶವಿದೆ.

* ಲೇಬಲ್ ಪೂರ್ತಿ ಓದಿ: ಯುರೋಪಿನಲ್ಲಿ ಎದ್ದು ಕಾಣುವಂತೆ ಮುದ್ರಿಸಲೇಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಫಾವಾ ಇಲ್ಲ.

* ಚೀಟಿ ಬರೆಸಿ: ‘ಈ ಕಾಳು ನನ್ನ ಮಗುವಿಗೆ ಅಪಾಯ. ಈ ಅಡುಗೆಯಲ್ಲಿ ಇದೆಯೇ? ಅದೇ ಎಣ್ಣೆಯಲ್ಲಿ ಕರಿದಿದ್ದೀರಾ?’ ಎಂದು ಅಲ್ಲಿನ ಭಾಷೆಯಲ್ಲಿ ಬರೆಸಿ, ಕಾಳಿನ ಫೋಟೋ ಅಂಟಿಸಿ. ಉತ್ತರ ಖಚಿತವಿಲ್ಲದಿದ್ದರೆ ಅನ್ನ, ಮೊಸರು, ಹಣ್ಣು ಸಾಕು.

* ಡಾಕ್ಟರ ಪತ್ರ ಇರಲಿ: ಪ್ರೈಮಾಕ್ವಿನ್, ಡ್ಯಾಪ್ಸೋನ್, ನೈಟ್ರೋಫ್ಯುರಾಂಟಾಯಿನ್‌ನಂಥ ಔಷಧಗಳೂ ತೊಂದರೆ ಕೊಡುತ್ತವೆ. ಕೇಳದೆ ಮಾತ್ರೆ ನುಂಗಿಸಬೇಡಿ. ಬಟ್ಟೆಗಿಡುವ ನುಸಿಗುಳಿಗೆ ಮಗುವಿನ ಹತ್ತಿರ ಬೇಡ. ಪುಟ್ಟ ಕೂಸಿಗೆ ಮೆಹಂದಿಯೂ ಬೇಡ.

ಅಕಸ್ಮಾತ್ ತಿಂದುಬಿಟ್ಟರೆ?

ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಲಕ್ಷಣ ಕಾಣಿಸುತ್ತದೆ. ಮುಖ ಬಿಳಿಚುವುದು, ಕಣ್ಣು ಹಳದಿ, ಕೋಲಾ ಬಣ್ಣದ ಮೂತ್ರ, ಸುಸ್ತು, ಏದುಸಿರು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ‘ಜಿ6ಪಿಡಿ’ ಎಂದು ಮೊದಲೇ ಹೇಳಿ. ಕೆಲವರಿಗೆ ರಕ್ತ ಕೊಡಬೇಕಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಚೀಟಿ ಇರುವುದು ಮಗನ ಜೇಬಿನಲ್ಲೇ. ಪಕ್ಕದ ಮನೆಯ ಬರ್ತ್‌ಡೇ ಪಾರ್ಟಿಯಲ್ಲೂ ‘ಆಂಟಿ, ಇದರಲ್ಲಿ ಯಾವ ಕಾಳು?’ ಅಂತ ಕೇಳುತ್ತಾನೆ. ಮೊದಮೊದಲು ನನಗೇ ಮುಜುಗರ ಆಗುತ್ತಿತ್ತು. ಈಗ ಆಗಲ್ಲ. ನಾವು ಎಷ್ಟು ದಿನ ಅಂತ ಮಕ್ಕಳ ತಟ್ಟೆ ಕಾಯೋಕಾಗುತ್ತೆ, ಹೇಳಿ?