ಹಾಲಿನ ತೊಟ್ಟೆಯ ಪೂರ್ತಿ ಲೆಕ್ಕ

ಕಚ್ಚಾ ಮಾಲು ನೆಲದಿಂದ ಹೊರಬಂದಲ್ಲಿಂದ ಹಿಡಿದು ವಸ್ತು ತಯಾರಾಗಿ, ಸಾಗಿ, ಬಳಕೆಯಾಗಿ, ಕೊನೆಗೆ ಕಸವಾಗಿ ಒಂದು ಗತಿ ಕಾಣುವವರೆಗೆ ಅದು ಪರಿಸರದ ಮೇಲೆ ಹೇರುವ ಹೊರೆಯನ್ನೆಲ್ಲ ಕೂಡಿಸಿ ನೋಡುವ ಕ್ರಮವೇ ಜೀವನಚಕ್ರ ಮೌಲ್ಯಮಾಪನ. ಇದರ ಮೊದಲ ಪ್ರಯತ್ನಗಳಲ್ಲೊಂದು ನಡೆದದ್ದೇ ಪ್ಯಾಕಿಂಗ್ ವಿಚಾರದಲ್ಲಿ. 1969ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿ ಪಾನೀಯ ತುಂಬುವ ಬಗೆಬಗೆಯ ಪಾತ್ರೆಗಳನ್ನು ಹೀಗೆ ಹೋಲಿಸಿ ನೋಡಿತು. ಈಗ ಈ ಕ್ರಮಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಉದ್ದೇಶವನ್ನೂ ವ್ಯಾಪ್ತಿಯನ್ನೂ ಗೊತ್ತುಮಾಡುವುದು, ಒಳಹೋಗುವ ಮತ್ತು ಹೊರಬರುವ ವಸ್ತು-ಇಂಧನಗಳ ಪಟ್ಟಿ ಮಾಡುವುದು, ಅವುಗಳ ಪರಿಣಾಮ ಅಳೆಯುವುದು, ಫಲಿತಾಂಶವನ್ನು ಅರ್ಥೈಸುವುದು ಇದರ ನಾಲ್ಕು ಹಂತಗಳು.

ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡೂ ವಸ್ತುಗಳು ಮಾಡುವ ಕೆಲಸ ಒಂದೇ ಆಗಿರಬೇಕು. ಅರ್ಧ ಲೀಟರ್ ಹಾಲಿನ ತೊಟ್ಟೆ ತೂಗುವುದು ಎರಡು-ಮೂರು ಗ್ರಾಂ. ಅಷ್ಟೇ ಹಾಲು ಹಿಡಿಯುವ ಗಾಜಿನ ಬಾಟಲಿ ನೂರಾರು ಗ್ರಾಂ. ಬಾಟಲಿ ಮತ್ತೆ ಮತ್ತೆ ಬಳಕೆಗೆ ಬರುತ್ತದೆ ನಿಜ, ಆದರೆ ಅದನ್ನು ಪ್ರತಿ ಸಲ ಬಿಸಿನೀರಿನಲ್ಲಿ ತೊಳೆದು, ಆ ಭಾರವನ್ನು ಡೇರಿಗೆ ಹಿಂದಕ್ಕೆ ಸಾಗಿಸಬೇಕು. ಆದ್ದರಿಂದ ತೊಟ್ಟೆಗೆ ತೊಟ್ಟೆ, ಬಾಟಲಿಗೆ ಬಾಟಲಿ ಎಂದು ತೂಗದೆ, ಸಾವಿರ ಲೀಟರ್ ಹಾಲನ್ನು ಮನೆಬಾಗಿಲಿಗೆ ಮುಟ್ಟಿಸುವ ಕೆಲಸವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಾಗುತ್ತದೆ.

ಕಸ ನಿರ್ವಹಣೆಗೂ ಇದೇ ಲೆಕ್ಕ ಒಪ್ಪುತ್ತದೆ. ಉದಾಹರಣೆಗೆ, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ-ಮೂಡುಬಿದಿರೆ ರಸ್ತೆಯ ಸಿದ್ಧಕಟ್ಟೆ ಪೇಟೆ ಸಂಗಬೆಟ್ಟು ಗ್ರಾಮ ಪಂಚಾಯತ್‌ಗೆ ಸೇರಿದ್ದು. ಬಂಟ್ವಾಳ, ಮೂಡುಬಿದಿರೆಗಳಲ್ಲಿ ಪುರಸಭೆಗಳಿವೆ, ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತ್. ಆಡಳಿತ ಬೇರೆಬೇರೆಯಾದರೂ ಅಂಗಡಿಗೆ ಬರುವ ಪ್ಯಾಕೆಟ್‌ಗಳು ಒಂದೇ. ಗ್ರಾಮೀಣ ಭಾಗದ ಒಣ ಕಸಕ್ಕಾಗಿ ಜಿಲ್ಲೆಯ ತೆಂಕ ಎಡಪದವಿನಲ್ಲೂ ನೆರೆಯ ಕಾರ್ಕಳದ ನಿಟ್ಟೆಯಲ್ಲೂ ದಿನಕ್ಕೆ 10 ಟನ್ ಸಾಮರ್ಥ್ಯದ ಎಂಆರ್‌ಎಫ್, ಅಂದರೆ ವಿಂಗಡಣಾ ಘಟಕಗಳು ಬಂದಿವೆ. ಅಲ್ಲಿ ಬೆಲ್ಟಿನ ಮೇಲೆ ಹರಿದು ಬರುವ ಕಸದಿಂದ ರಟ್ಟು, ಪೆಟ್ ಬಾಟಲಿ, ಹಾಲಿನ ತೊಟ್ಟೆಗಳನ್ನು ಕೈಯಿಂದ ಆರಿಸಿ ಬೇಲ್ ಕಟ್ಟುತ್ತಾರೆ. ಚಿಪ್ಸ್, ಬಿಸ್ಕತ್ತಿನ ಬಹುಪದರದ ಪ್ಯಾಕೆಟ್‌ಗಳನ್ನು ಕೊಳ್ಳುವ ಗುಜರಿಯವರಿಲ್ಲ. ಅವುಗಳಿಗಿರುವ ಮುಖ್ಯ ದಾರಿ ಸಿಮೆಂಟ್ ಕಾರ್ಖಾನೆಯ ಕುಲುಮೆ.

ಒಂದು ಟನ್ ಪಾಲಿಥಿನ್ ಉರಿದರೆ ಸುಮಾರು 3.1 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕುಲುಮೆಯಲ್ಲಿ ಅಷ್ಟೇ ಶಾಖಕ್ಕೆ ಕಲ್ಲಿದ್ದಲು ಉರಿಸಿದ್ದರೆ ಸುಮಾರು 4 ಟನ್ ಬರುತ್ತಿತ್ತು, ಹಾಗಾಗಿ ನಿವ್ವಳ ಲೆಕ್ಕದಲ್ಲಿ ತುಸು ಉಳಿತಾಯ. ಮರುಬಳಕೆಯ ಉಳಿತಾಯ ಇದಕ್ಕಿಂತ ಹೆಚ್ಚು: ಹೊಸ ಪಾಲಿಥಿನ್ ತಯಾರಿಕೆಗೆ ಟನ್ನಿಗೆ ಸುಮಾರು 2 ಟನ್ ಡೈಆಕ್ಸೈಡಿನ ಹೊರೆಯಿದ್ದರೆ, ಹಳೆಯದನ್ನು ಕರಗಿಸಿ ಕಾಳು ಮಾಡುವಾಗ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಆಗುವುದಿಲ್ಲ. ಅದೇ ತೊಟ್ಟೆ ಬಚ್ಚಲಿನ ಹಂಡೆಯ ಒಲೆಗೆ ಬಿದ್ದರೆ 3.1 ಟನ್ನಿನ ಲೆಕ್ಕ ಹಾಗೆಯೇ ಉಳಿಯುತ್ತದೆ, ಹೆಚ್ಚಿನ ಉಳಿತಾಯವಿಲ್ಲ. ಜೊತೆಗೆ ಅರೆಬೆಂದ ಮಸಿ. ಪಿವಿಸಿ ಸೇರಿದ್ದರೆ ಡಯಾಕ್ಸಿನ್ ಎಂಬ ವಿಷ. ಆ ಹೊಗೆ ಮೊದಲು ಸೇರುವುದು ಒಲೆ ಊದುವವರ ಎದೆಯನ್ನೇ. ಬೆಂಕಿ ಹೊತ್ತಿಸಲು ಒಂದು ತೊಟ್ಟೆ ಎಂಬ ಹಳ್ಳಿಮನೆಗಳ ರೂಢಿ ಈ ಇಡೀ ಲೆಕ್ಕದಲ್ಲಿ ಅತಿ ಕೆಟ್ಟ ಸಾಲು.

ಸಾಗಣೆಯ ಅಂಕಿಗಳು ಸಾಮಾನ್ಯ ಊಹೆಯನ್ನು ಬುಡಮೇಲು ಮಾಡುತ್ತವೆ. ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಇರುವುದು ಹೆಚ್ಚಾಗಿ ಕಲಬುರಗಿ, ಬಾಗಲಕೋಟೆಗಳ ಕಡೆ. ಪ್ಲಾಸ್ಟಿಕನ್ನು ಅಷ್ಟು ದೂರ ಒಯ್ಯುವುದೇ ದಂಡ ಎನಿಸುವುದು ಸಹಜ. ಆದರೆ ಒಂದು ಟನ್ನನ್ನು ಒಂದು ಕಿಲೋಮೀಟರ್ ಸಾಗಿಸಲು 0.1 ಕಿಲೋ ಡೈಆಕ್ಸೈಡ್ ಎಂದು ಹಿಡಿದರೂ, ತುಂಬಿದ ಲಾರಿಯಲ್ಲಿ 600 ಕಿಲೋಮೀಟರಿಗೆ ಆಗುವುದು ಟನ್ನಿಗೆ 60 ಕಿಲೋ. ಇನ್ನು ಹಳ್ಳಿಯ ಕಸ ಎತ್ತುವ ಗಾಡಿಯಾದ ಸ್ವಚ್ಛ ವಾಹಿನಿಯನ್ನು ನೋಡಬೇಕು. ಒಂದು ಸುತ್ತಿಗೆ 3 ಲೀಟರ್ ಡೀಸೆಲ್ ಖರ್ಚಾದರೆ ಸುಮಾರು 8 ಕಿಲೋ ಡೈಆಕ್ಸೈಡ್. ಆ ಸುತ್ತಿನಲ್ಲಿ 300 ಕಿಲೋ ಒಣ ಕಸ ಸಿಕ್ಕರೆ ಟನ್ನಿಗೆ 27 ಕಿಲೋ, 60 ಕಿಲೋ ಮಾತ್ರ ಸಿಕ್ಕರೆ ಟನ್ನಿಗೆ 130 ಕಿಲೋ ದಾಟುತ್ತದೆ. ಗುಡ್ಡದ ಮೇಲೊಂದು, ತೋಟದ ಕೆಳಗೊಂದು ಮನೆಯಿರುವ ಊರಿನಲ್ಲಿ ದಿನಾ ಅರೆಖಾಲಿ ಗಾಡಿ ಓಡಿಸುವ ಬದಲು ವಾರಕ್ಕೊಂದು ಗೊತ್ತಾದ ದಿನ ಒಣ ಕಸ ಎತ್ತುವುದು ಲೇಸು ಎಂಬುದಕ್ಕೆ ಈ ಗಣಿತವೇ ಸಾಕ್ಷಿ.

ಎಲ್ಲಕ್ಕಿಂತ ದೊಡ್ಡ ತೊಡಕು ತೇವ. ಕರಾವಳಿಯ ಆಷಾಢದಲ್ಲಿ ತೊಳೆದ ತೊಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ತೊಳೆಯದೆ ಮಡಚಿಟ್ಟದ್ದು ಒಂದೇ ದಿನಕ್ಕೆ ನಾರುತ್ತದೆ. ಆ ವಾಸನೆಯ ನಡುವೆ ನಿಂತು ವಿಂಗಡಿಸುವವರ ಕಷ್ಟ ಒಂದು ಕಡೆ. ನೀರು ಹೀರಿದ ರಟ್ಟಿಗೆ ಬೆಲೆ ಬಿದ್ದುಹೋಗುತ್ತದೆ, ಕೊಳೆ ಮೆತ್ತಿದ ತೊಟ್ಟೆ ಮರುಬಳಕೆಯ ರಾಶಿಯಿಂದ ಕುಲುಮೆಯ ರಾಶಿಗೆ ಇಳಿಯುತ್ತದೆ, ಅಲ್ಲೂ ನೀರನ್ನು ಆವಿಯಾಗಿಸಲು ಶಾಖ ವ್ಯರ್ಥ. ಕತ್ತರಿಸಿದ ಮೂಲೆಯ ಚೂರಿನದು ಬೇರೆಯೇ ಕಥೆ: ಅದು ಯಾವ ಬೆಲ್ಟಿನಲ್ಲೂ ಸಿಗದೆ ಚರಂಡಿ ಸೇರುತ್ತದೆ. ತುದಿ ಬೇರ್ಪಡದಂತೆ ಕತ್ತರಿಸಿ, ಒಂದು ಲೋಟ ನೀರಿನಲ್ಲಿ ಅಲುಗಿಸಿ, ಅಡುಗೆಮನೆಯ ದಾರಕ್ಕೆ ಸಿಕ್ಕಿಸಿದ ತೊಟ್ಟೆಯೇ ಕಾಳಾಗುವ ಯೋಗ್ಯತೆ ಉಳಿಸಿಕೊಳ್ಳುವುದು.

ಪ್ಲಾಸ್ಟಿಕ್ ಬಿಟ್ಟ ಕೂಡಲೇ ಹೊರೆ ಇಳಿಯಿತೆಂದೂ ಅಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹವಾಮಾನದ ಲೆಕ್ಕ ಒಂದರಲ್ಲೇ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಗಟ್ಟಲು ಹತ್ತಿ ಚೀಲವನ್ನು 52 ಸಲ ಬಳಸಬೇಕು. ಸಮಾರಂಭದಲ್ಲಿ ಉಡುಗೊರೆಯಾಗಿ ಬಂದು ಕಪಾಟಿನಲ್ಲೇ ಉಳಿಯುವ ಬಟ್ಟೆಚೀಲ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಹತ್ತು ವರ್ಷ ಸಂತೆಗೆ ಹೋಗಿಬಂದ ಚೀಲ ಸಲೀಸಾಗಿ ಗೆಲ್ಲುತ್ತದೆ. ರಾಶಿಯಡಿ ಗಾಳಿಯಿಲ್ಲದೆ ಕೊಳೆಯುವ ಕಾಗದದಿಂದ ಮೀಥೇನ್ ಏಳುತ್ತದೆ. ಅದು 20 ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಶಾಖ ಹಿಡಿದಿಡುತ್ತದೆ. ಅಡಿಕೆ ಹಾಳೆಯ ತಟ್ಟೆಗೆ ಈ ಸೀಮೆಯಲ್ಲಿ ಅನುಕೂಲ ಹೆಚ್ಚು: ಹಾಳೆ ತೋಟದಲ್ಲಿ ತಾನಾಗಿ ಬೀಳುತ್ತದೆ, ಖರ್ಚು ಒತ್ತುವ ಯಂತ್ರದ ವಿದ್ಯುತ್ತಿನದು.

ಈ ಕ್ರಮಕ್ಕೆ ಕಾಣದ ಸಂಗತಿಗಳೂ ಇವೆ. ತೋಡಿಗೆ ಬಿದ್ದು ಫಲ್ಗುಣಿಯಂಥ ನದಿ ಸೇರುವ ಪ್ಲಾಸ್ಟಿಕಿನ ಹಾನಿಯನ್ನು ಡೆನ್ಮಾರ್ಕಿನ ಅಧ್ಯಯನ ಲೆಕ್ಕಕ್ಕೆ ಹಿಡಿದಿಲ್ಲ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ತೋಟಗಳನ್ನು ಮುಚ್ಚಿದಾಗ ಮನೆ ತೊರೆದವರ ನಷ್ಟ ಕಿಲೋ ಡೈಆಕ್ಸೈಡಿನಲ್ಲಿ ಅಳೆಯುವಂಥದ್ದಲ್ಲ. ಇವನ್ನು ಪಕ್ಕದಲ್ಲಿಟ್ಟುಕೊಂಡೇ ಫಲಿತಾಂಶ ಓದಬೇಕು.

ಹೊರನಾಡಿನ ಅಂಕಿಗಳನ್ನು ಇಲ್ಲಿಗೆ ಹಾಗೇ ಅಂಟಿಸುವಂತಿಲ್ಲ. ಪಂಚಾಯತ್ ಕೈಗೆ ಬೇಕಾದದ್ದು ತನ್ನದೇ ಪಟ್ಟಿ: ಒಂದು ವಾರದ ಒಣ ಕಸದಲ್ಲಿ ಹಾಲಿನ ತೊಟ್ಟೆ ಎಷ್ಟು ಕಿಲೋ, ಬಹುಪದರದ್ದು ಎಷ್ಟು, ರಟ್ಟು ಎಷ್ಟು, ಗಾಡಿ ಓಡಿದ್ದೆಷ್ಟು, ಡೀಸೆಲ್ ಎಷ್ಟು, ಎಂಆರ್‌ಎಫ್‌ನಿಂದ ತಿರಸ್ಕೃತವಾದದ್ದೆಷ್ಟು. ಒಂದು ತಕ್ಕಡಿ, ಒಂದು ಪುಸ್ತಕ ಸಾಕು. ತೂಕವನ್ನು ಏಪ್ರಿಲ್‌ನಲ್ಲೊಮ್ಮೆ, ಜುಲೈಯಲ್ಲೊಮ್ಮೆ ಹಿಡಿಯಬೇಕು, ಏಕೆಂದರೆ ಮಳೆಗಾಲದ ಟನ್ನಿನಲ್ಲಿ ನೀರಿನ ಪಾಲೂ ಸೇರಿರುತ್ತದೆ.