ಟಿ.ಸಿ. ಕೊಟ್ಟ ಮೇಲಿನ ನಂಟು

1718ರಲ್ಲಿ ಅಮೆರಿಕದ ಕನೆಕ್ಟಿಕಟ್ ವಸಾಹತಿನ ಬಡ ಕಾಲೇಜೊಂದಕ್ಕೆ ಮೂರು ಬಗೆಯ ಕಾಣಿಕೆ ಬಂತು: ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಒಂದನೆಯ ಜಾರ್ಜನ ಒಂದು ಭಾವಚಿತ್ರ. ಮೂಟೆಗಳಲ್ಲಿ ಇದ್ದದ್ದು ಬಟ್ಟೆ. ಕ್ಯಾಲಿಕೊ, ಮಸ್ಲಿನ್, ರೇಷ್ಮೆ, ಉಣ್ಣೆ ಎಲ್ಲವೂ ಇದ್ದವು. ಬಾಸ್ಟನ್ ಪೇಟೆಯಲ್ಲಿ ಅವನ್ನು ಮಾರಿದಾಗ 562 ಪೌಂಡ್ ಕೈಗೆ ಬಂತು. ದುಡ್ಡಿಗಾಗಿ ಪರದಾಡುತ್ತಿದ್ದ ಕಾಲೇಜಿಗೆ ಅದು ಸಣ್ಣ ಮೊತ್ತವಲ್ಲ. ಕೊಟ್ಟವನ ಹೆಸರನ್ನೇ ಅದು ತನಗೆ ಇಟ್ಟುಕೊಂಡಿತು. ಅವನು ಎಲಿಹು ಯೇಲ್.

ಯೇಲ್ ಹುಟ್ಟಿದ್ದು ಬಾಸ್ಟನ್ನಿನಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ, ಗಳಿಸಿದ್ದು ಮದ್ರಾಸಿನಲ್ಲಿ. 1687ರಿಂದ 1692ರವರೆಗೆ ಅವನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೇಂಟ್ ಜಾರ್ಜ್ ಕೋಟೆಯ ಮುಖ್ಯಸ್ಥನಾಗಿದ್ದ. ಸ್ವಂತ ವ್ಯಾಪಾರದಲ್ಲಿ ಕೈ ಹಾಕಿದನೆಂಬ ಆರೋಪದ ಮೇಲೆ ಆ ಹುದ್ದೆ ಹೋಯಿತು, ಗಳಿಸಿದ್ದು ಉಳಿಯಿತು. ಅವನ ಕಾಲದ ಮದ್ರಾಸಿನಿಂದ ಬಟ್ಟೆಯ ಜೊತೆಗೆ ಗುಲಾಮರನ್ನೂ ಹಡಗು ಹತ್ತಿಸಲಾಗುತ್ತಿತ್ತು. ಯೇಲ್ ವಿಶ್ವವಿದ್ಯಾಲಯ 2024ರಲ್ಲಿ ಗುಲಾಮಗಿರಿಯೊಂದಿಗೆ ತನ್ನ ಚರಿತ್ರೆಗಿದ್ದ ನಂಟಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದೆ. ಕೋರಮಂಡಲ ತೀರದ ನೇಕಾರನ ಬೆವರು ಎಷ್ಟು ಎತ್ತರದ ಗೋಪುರಗಳ ಬುಡದಲ್ಲಿದೆ ಎಂಬುದನ್ನು ಈ ಕತೆ ಓದಿದಾಗಲೆಲ್ಲ ನೆನೆಯುತ್ತೇನೆ.

ಈ ಯೇಲ್ ಆ ಕಾಲೇಜಿನಲ್ಲಿ ಒಂದು ದಿನವೂ ಓದಿರಲಿಲ್ಲ, ಅದನ್ನು ಕಣ್ಣಿಂದ ನೋಡಿಯೂ ಇರಲಿಲ್ಲ. ಅವನಿಗೆ ಕಾಗದ ಬರೆದು ದಾನ ಕೇಳಿದವನು ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರ್. ಕಾಲೇಜಿಗೆ ನಿಮ್ಮ ಹೆಸರಿಟ್ಟರೆ ಅದು ಈಜಿಪ್ಟಿನ ಪಿರಮಿಡ್ಡಿಗಿಂತ ಮಿಗಿಲಾದ ಸ್ಮಾರಕವಾದೀತು ಎಂಬ ಅರ್ಥದ ಮಾತು ಆ ಕಾಗದದಲ್ಲಿತ್ತು. ಅದಕ್ಕೂ ಮೊದಲು, 1638ರಲ್ಲಿ, ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಬಿಟ್ಟು ತೀರಿಕೊಂಡ ಜಾನ್ ಹಾರ್ವರ್ಡ್ ಕೂಡ ತನ್ನ ಹೆಸರು ಹೊತ್ತ ಕಾಲೇಜಿನ ವಿದ್ಯಾರ್ಥಿಯಲ್ಲ. ಮೊದಮೊದಲು ಕೊಡುವವರು ಹೊರಗಿನವರೇ. ಹಾಗಾದರೆ ಓದಿ ಹೋದವರು ಕೊಡುವವರಾದದ್ದು ಯಾವಾಗ, ಹೇಗೆ?

ಬಡತನದಿಂದ ಮತ್ತು ಭಯದಿಂದ. 1821ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಾಯವ್ಯ ಮೂಲೆಯ ಬೆಟ್ಟಗಳ ನಡುವೆ ಇದ್ದ ವಿಲಿಯಮ್ಸ್ ಕಾಲೇಜು ಮುಚ್ಚುವ ಸ್ಥಿತಿಗೆ ಬಂತು. ಈ ದೂರದ ಊರಿನಲ್ಲಿ ಕಾಲೇಜು ನಡೆಯದು ಎಂದುಕೊಂಡ ಅಧ್ಯಕ್ಷ ಜೆಫನಾಯ ಸ್ವಿಫ್ಟ್ ಮೂರ್ ಒಂದಿಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟೇಬಿಟ್ಟರು. ಅವರು ಹೋಗಿ ಸೇರಿದ ಸಂಸ್ಥೆಯೇ ಆ್ಯಮ್‌ಹರ್ಸ್ಟ್ ಕಾಲೇಜು. ಉಳಿದವರಿಗೆ ದಿಕ್ಕು ತೋಚದ ಆ ಹೊತ್ತಿನಲ್ಲಿ, ಪದವಿ ಪ್ರದಾನದ ಸಮಯಕ್ಕೆ ಬಂದ ಹಳೆಯ ವಿದ್ಯಾರ್ಥಿಗಳು ಒಂದೆಡೆ ಕೂತು ಸಂಘ ಕಟ್ಟಿಕೊಂಡರು. ಅಂದಿನಿಂದ ಇಂದಿನವರೆಗೆ ಕಡಿಯದೆ ನಡೆದುಬಂದಿರುವ ಹಳೆಯ ವಿದ್ಯಾರ್ಥಿಗಳ ಸಂಘಗಳಲ್ಲಿ ಅದೇ ಜಗತ್ತಿನ ಮೊದಲನೆಯದು. ಕಾಲೇಜೂ ಉಳಿಯಿತು.

ಆ ಕಾಲದ ಅಮೆರಿಕದ ಕಾಲೇಜುಗಳಲ್ಲಿ ಒಂದು ವರ್ಷ ಸೇರಿದವರೆಲ್ಲ ನಾಲ್ಕು ವರ್ಷ ಒಂದೇ ಪಾಠ ಕೇಳಿ, ಒಂದೇ ಸೂರಿನಡಿ ಮಲಗಿ, ಒಂದೇ ದಿನ ಪದವಿ ಪಡೆಯುತ್ತಿದ್ದರು. ನಾವು ಬ್ಯಾಚ್ ಅನ್ನುತ್ತೇವಲ್ಲ, ಅದು ಅಲ್ಲಿ ಹುಟ್ಟಿದ್ದು ಹೀಗೆ. ಪ್ರತಿ ಬ್ಯಾಚಿಗೂ ಒಬ್ಬ ಕಾರ್ಯದರ್ಶಿ. ಯಾರು ಎಲ್ಲಿ ನೆಲೆಸಿದರು, ಯಾರಿಗೆ ಮದುವೆಯಾಯಿತು, ಯಾರು ತೀರಿಕೊಂಡರು ಎಂದು ಕಾಗದ ಬರೆದು ತಿಳಿದುಕೊಂಡು ಬರೆದಿಡುವುದು ಅವನ ಕೆಲಸ. ಸಂಬಳವಿಲ್ಲದ, ಸಾಯುವವರೆಗಿನ ಕೆಲಸ. ಅಮೆರಿಕದ ವಿಶ್ವವಿದ್ಯಾಲಯಗಳ ಇಂದಿನ ಸಿರಿಯ ಬೇರು ಶ್ರೀಮಂತರ ತಿಜೋರಿಯಲ್ಲಿಲ್ಲ, ಈ ವಹಿಗಳಲ್ಲಿದೆ ಎಂದು ನಾನು ನಂಬಿದ್ದೇನೆ.

ವಹಿಯ ಜೊತೆಗೆ ಮಾತಿನ ಹಕ್ಕೂ ಬಂತು. 1865ರಲ್ಲಿ ಹಾರ್ವರ್ಡಿನ ಮೇಲ್ವಿಚಾರಣಾ ಮಂಡಳಿಯ ಸದಸ್ಯರನ್ನು ಆರಿಸುವ ಅಧಿಕಾರ ರಾಜ್ಯ ಸರ್ಕಾರದ ಕೈಯಿಂದ ಹಳೆಯ ವಿದ್ಯಾರ್ಥಿಗಳ ಕೈಗೆ ಹೋಯಿತು. ಮತ ಹಾಕುವವನಿಗೆ ಸಂಸ್ಥೆ ತನ್ನದು ಅನ್ನಿಸದೆ ಇರುತ್ತದೆಯೇ? 1890ರಲ್ಲಿ ಯೇಲ್ ಇನ್ನೊಂದು ಹೆಜ್ಜೆ ಇಟ್ಟು ಹಳೆಯ ವಿದ್ಯಾರ್ಥಿಗಳ ವಾರ್ಷಿಕ ನಿಧಿ ಆರಂಭಿಸಿತು. ಸಾಯುವಾಗ ಉಯಿಲಿನಲ್ಲಿ ಒಮ್ಮೆ ಬರೆಯುವ ಬದಲು ಬದುಕಿರುವಾಗಲೇ ವರ್ಷ ವರ್ಷ ಕೈಲಾದಷ್ಟು ಕೊಡಿ ಎಂಬ ಕೋರಿಕೆ ಅದು. ನಮ್ಮ ಹಳ್ಳಿಯ ಜಾತ್ರೆಗೆ ಮನೆಮನೆಯಿಂದ ಪಟ್ಟಿ ಎತ್ತುವುದನ್ನು ಬಲ್ಲವರಿಗೆ ಇದರ ಬಲ ಗೊತ್ತು. ಐದು ರೂಪಾಯಿ ಕೊಟ್ಟವನೂ ತೇರಿನ ಹಗ್ಗ ಹಿಡಿಯುತ್ತಾನೆ.

1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ದಾನಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ಕೊಡುವ ಕಾನೂನು ಅಮೆರಿಕದಲ್ಲಿ ಬಂತು. ಯುದ್ಧ ಮುಗಿಯುತ್ತಿದ್ದಂತೆ ಹಾರ್ವರ್ಡ್ ಕೋಟಿ ಡಾಲರಿಗೂ ಮೀರಿದ ಗುರಿ ಇಟ್ಟುಕೊಂಡು ನಿಧಿ ಸಂಗ್ರಹಕ್ಕೆ ಇಳಿಯಿತು. ಅದರ ಹೊಣೆ ಹೊತ್ತವರಲ್ಲಿ ಒಬ್ಬರಾದ ಜಾನ್ ಪ್ರೈಸ್ ಜೋನ್ಸ್ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ, ಪತ್ರಕರ್ತರಾಗಿದ್ದವರು, ಯುದ್ಧದ ಸಾಲಪತ್ರಗಳ ಪ್ರಚಾರದಲ್ಲಿ ಪಳಗಿದವರು. ಊರೂರಿಗೆ ಸಮಿತಿ, ಪ್ರತಿ ಹೆಸರಿಗೂ ಒಂದು ಚೀಟಿ, ಯಾರನ್ನು ಯಾರು ಭೇಟಿಯಾಗಿ ಕೇಳಬೇಕೆಂಬ ಪಟ್ಟಿ, ಇವನ್ನೆಲ್ಲ ವಿಶ್ವವಿದ್ಯಾಲಯಕ್ಕೆ ತಂದ ಪೀಳಿಗೆ ಅದು. ದಾನ ಕೇಳುವುದು ಅಲ್ಲಿಂದ ಮುಂದೆ ಒಂದು ಉದ್ಯೋಗವಾಯಿತು. 1954ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ನೌಕರ ಓದಿದ ಕಾಲೇಜಿಗೆ ಎಷ್ಟು ಕೊಡುತ್ತಾನೋ ಅಷ್ಟನ್ನು ತಾನೂ ಸೇರಿಸುವ ಪದ್ಧತಿ ತಂದಿತು. ಮೂಲಧನಕ್ಕೆಂದು ಕೊಟ್ಟ ಹಣ ಹಾಗೆಯೇ ಉಳಿಯುತ್ತದೆ, ವರ್ಷಕ್ಕೆ ನೂರಕ್ಕೆ ನಾಲ್ಕೈದರಷ್ಟನ್ನು ಮಾತ್ರ ಖರ್ಚಿಗೆ ತೆಗೆಯುತ್ತಾರೆ. ಹಾರ್ವರ್ಡಿನ ಮೂಲಧನ ಈಗ 5,000 ಕೋಟಿ ಡಾಲರ್ ದಾಟಿದೆ. ಅದರ ವಾರ್ಷಿಕ ಖರ್ಚಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಅಲ್ಲಿಂದಲೇ ಬರುತ್ತದೆ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪದವಿ ಬ್ಯಾಚಿನವರು ಗುರುವಂದನೆ ಇಟ್ಟುಕೊಳ್ಳೋಣ ಎಂದು ವಾಟ್ಸ್ಆ್ಯಪ್ ಗುಂಪು ಮಾಡಿದೆವು. ಸಿಕ್ಕಿದ್ದು ಹತ್ತೊಂಬತ್ತು ಜನ. ಉಳಿದವರನ್ನು ಹುಡುಕಲು ಕಾಲೇಜಿನ ಕಚೇರಿಗೆ ಹೋದೆ. ಗುಮಾಸ್ತರು ಬೀರುವಿನಿಂದ ದಾಖಲಾತಿ ರಿಜಿಸ್ಟರ್ ತೆಗೆದುಕೊಟ್ಟರು. ಹುಟ್ಟಿದ ತಾರೀಕು, ತಂದೆಯ ಹೆಸರು, ಜಾತಿ, ಹಿಂದೆ ಓದಿದ ಶಾಲೆ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿತ್ತು. ಕೊನೆಯ ಕಾಲಮ್ಮಿನಲ್ಲಿ ಪ್ರತಿ ಹೆಸರಿನ ಎದುರೂ ಕೆಂಪು ಶಾಯಿಯಲ್ಲಿ ಒಂದೇ ಮಾತು: ಟಿ.ಸಿ. ಕೊಡಲಾಗಿದೆ. ಅಲ್ಲಿಗೆ ಮುಗಿಯಿತು. ನಾವು ಆಮೇಲೆ ಏನಾದೆವು, ಎಲ್ಲಿದ್ದೇವೆ, ಇದ್ದೇವೋ ಇಲ್ಲವೋ ಎಂದು ಬರೆಯಲು ಆ ಪುಟದಲ್ಲಿ ಜಾಗವೇ ಇರಲಿಲ್ಲ. ವಿಲಿಯಮ್ಸ್ ಕಾಲೇಜಿನ ಸಂಘ ಹುಟ್ಟಿ ಇನ್ನೂರು ವರ್ಷವಾಗಿದೆ ಎಂದು ಓದಿದ್ದು ಅದೇ ದಿನಗಳಲ್ಲಿ. ಅವರು ಬರೆಯಲು ಶುರು ಮಾಡುವ ಜಾಗದಲ್ಲಿ ನಾವು ಪುಟ ಮುಚ್ಚುತ್ತೇವೆ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು.

ತಪ್ಪು ಗುಮಾಸ್ತರದಲ್ಲ. 1857ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ ತೆರೆದಾಗ ಬ್ರಿಟಿಷರು ಮಾದರಿಯಾಗಿ ಇಟ್ಟುಕೊಂಡದ್ದು ಲಂಡನ್ ವಿಶ್ವವಿದ್ಯಾಲಯವನ್ನು. ಆಗ ಅದು ಪಾಠ ಹೇಳುವ ಮನೆಯಲ್ಲ, ಪರೀಕ್ಷೆ ನಡೆಸುವ ಕಚೇರಿ. ಓದುವುದು ಒಂದು ಕಾಲೇಜಿನಲ್ಲಿ, ಪದವಿ ಬರುವುದು ಕಾಣದ ಇನ್ನೊಂದು ಕಡೆಯಿಂದ. ಅಂಕಪಟ್ಟಿಯ ಮೇಲಿನ ಮುದ್ರೆಯನ್ನು ಯಾರು ಪ್ರೀತಿಸುತ್ತಾರೆ? ಜರ್ಮನಿಯಲ್ಲಿ ಈ ನಂಟು ಬೆಳೆಯದ್ದಕ್ಕೆ ಕಾರಣ ಬೇರೆ. ಅಲ್ಲಿ ವಿದ್ಯಾರ್ಥಿಗಳು ಒಳ್ಳೆಯ ಪ್ರಾಧ್ಯಾಪಕರನ್ನು ಅರಸಿ ಊರಿಂದೂರಿಗೆ ಹೋಗುವ ರೂಢಿಯಿತ್ತು, ಖರ್ಚನ್ನು ಸರ್ಕಾರ ಹೊತ್ತಿತ್ತು. ಅಲ್ಲೂ ಈಗ, 2011ರಿಂದ, ತಿಂಗಳಿಗೆ 300 ಯೂರೊ ವಿದ್ಯಾರ್ಥಿವೇತನದಲ್ಲಿ ಅರ್ಧವನ್ನು ದಾನಿಗಳಿಂದ ತಂದರೆ ಇನ್ನರ್ಧ ಸರ್ಕಾರದ್ದು ಎಂಬ ಏರ್ಪಾಟು ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಸರ್ಕಾರದ ಅನುದಾನ ಕುಗ್ಗಿದ ಮೇಲೆ ಆಕ್ಸ್‌ಫರ್ಡ್ 1988ರಲ್ಲಿ ದೊಡ್ಡ ನಿಧಿ ಅಭಿಯಾನಕ್ಕೆ ಇಳಿಯಿತು. ಜಪಾನಿನ ಕೇಯೊ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಮಿತಾಕಾಯ್ ಸಂಘ ಮಾತ್ರ ಹತ್ತೊಂಬತ್ತನೆಯ ಶತಮಾನದಿಂದಲೂ ಊರೂರಲ್ಲಿ, ಕಂಪನಿ ಕಂಪನಿಯಲ್ಲಿ ಬೇರು ಬಿಟ್ಟಿದೆ.

ಹಾಗೆಂದು ನಮ್ಮಲ್ಲಿ ಕೊಡುವ ಕೈ ಇರಲಿಲ್ಲ ಎಂದರೆ ಅದು ಸುಳ್ಳು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮೊದಲು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಅದಕ್ಕಾಗಿ ಜನರಿಂದ ಹಣ ಕೂಡಿಸಿದರು. ಅದಕ್ಕೂ ಹಿಂದಿನ ವರ್ಷ ಬೆಳಗಾವಿಯಲ್ಲಿ ಏಳು ಜನ ಕೂಡಿ ಕಟ್ಟಿದ್ದೇ ಕೆ.ಎಲ್.ಇ. ಸಂಸ್ಥೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 371 ಎಕರೆ ನೆಲ ಬಂದದ್ದು ಮೈಸೂರು ಅರಮನೆಯಿಂದ. ಇಂಥ ಸಂಸ್ಥೆಗಳಿಗೆ ಕಾಳು ಅಳೆದುಕೊಟ್ಟ ಒಕ್ಕಲಿಗ, ನೂರು ರೂಪಾಯಿ ಕೊಟ್ಟ ಅಂಗಡಿಯವ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಾವು ಓದಲಾಗದ್ದನ್ನು ಊರಿನ ಮಕ್ಕಳು ಓದಲಿ ಎಂದು ಕೊಟ್ಟವರು. ಋಣ ತೀರಿಸಲು ಕೊಡುವುದಕ್ಕಿಂತ ಇದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಕಡಿದುಹೋದದ್ದು ಅದರ ಮುಂದಿನ ಕೊಂಡಿ. ಆ ದಾನದಿಂದ ಓದಿದವರು ದಾನಿಯ ಸಾಲಿಗೆ ಬರಲು ಯಾರೂ ಕರೆಯಲಿಲ್ಲ. ಘಟಿಕೋತ್ಸವದ ದತ್ತಿ ಪದಕಗಳಲ್ಲಿ ಒಂದಿಷ್ಟು ಹೆಸರು ಉಳಿದಿವೆ ನಿಜ. ಆದರೆ ಎಷ್ಟೋ ವರ್ಷಗಳ ಹಿಂದೆ ಇಟ್ಟ ಠೇವಣಿಯ ಬಡ್ಡಿ ಇಂದಿನ ಚಿನ್ನದ ಬೆಲೆಗೆ ಎಲ್ಲಿ ಸಾಲುತ್ತದೆ?

ಕೊಂಡಿ ಮತ್ತೆ ಕೂಡಿದ್ದು ಐಐಟಿಗಳಲ್ಲಿ. ಅಲ್ಲಿ ಹಾಸ್ಟೆಲ್ ಇತ್ತು, ಒಂದೇ ಆವರಣವಿತ್ತು, ಬ್ಯಾಚ್ ಇತ್ತು. ಹಳೆಯ ಅಮೆರಿಕನ್ ಕಾಲೇಜಿನ ಬದುಕೇ ಅದು. ಅಮೆರಿಕಕ್ಕೆ ಹೋದವರು ಅಲ್ಲಿನ ಸಂಘಗಳು ಹೇಗೆ ನಡೆಯುತ್ತವೆಂದು ನೋಡಿದರು, 1990ರ ದಶಕದಲ್ಲಿ ಐಐಟಿ ಬಾಂಬೆಗಾಗಿ ಅಲ್ಲೇ ಒಂದು ಪ್ರತಿಷ್ಠಾನ ಕಟ್ಟಿದರು. ಧಾರವಾಡದಲ್ಲಿ ಶಾಲೆ ಓದಿ 1973ರಲ್ಲಿ ಐಐಟಿ ಬಾಂಬೆ ಸೇರಿದ ನಂದನ್ ನಿಲೇಕಣಿ, ಹಾಸ್ಟೆಲುಗಳಿಗೂ ಇತರ ಕೆಲಸಗಳಿಗೂ 85 ಕೋಟಿ ರೂಪಾಯಿ ಕೊಟ್ಟಿದ್ದವರು, ಸೇರಿ ಐವತ್ತು ವರ್ಷ ತುಂಬಿದ 2023ರಲ್ಲಿ ಮತ್ತೆ 315 ಕೋಟಿ ಕೊಟ್ಟರು. ಮರುವರ್ಷ ಕೃಷ್ಣ ಚಿವುಕುಲ ಐಐಟಿ ಮದ್ರಾಸಿಗೆ 228 ಕೋಟಿ ಕೊಟ್ಟರು. ಯೇಲ್ ಗಂಟು ಕಟ್ಟಿಕೊಂಡು ಹೋದ ಊರಿಗೇ ಮೂರು ಶತಮಾನದ ಮೇಲೆ ದಾನವಾಗಿ ಬಂದ ಹಣ ಅದು. ಕನ್ನಡಕ್ಕೆ ಬಂದ ಪಾಲೂ ಒಂದಿದೆ. ಹಾರ್ವರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ರೋಹನ್ ಮೂರ್ತಿ ಮತ್ತು ಅವರ ಮನೆಯವರು 2010ರಲ್ಲಿ ಕೊಟ್ಟ 52 ಲಕ್ಷ ಡಾಲರಿನಿಂದ ಭಾರತೀಯ ಅಭಿಜಾತ ಸಾಹಿತ್ಯದ ಗ್ರಂಥಮಾಲೆ ಹುಟ್ಟಿತು. ರಾಘವಾಂಕನ ಹರಿಶ್ಚಂದ್ರ ಕಾವ್ಯ ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದವಾಗಿ ಅದರಲ್ಲಿ ಅಚ್ಚಾಗಿದೆ.

ದೊಡ್ಡ ಮೊತ್ತದ ನೆರಳೂ ದೊಡ್ಡದೇ. ಅಮೆರಿಕದ ಅನೇಕ ಕಾಲೇಜುಗಳು 1920ರ ದಶಕದಿಂದ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಮೊದಲ ಮಣೆ ಹಾಕಿದವು. ಯಹೂದಿ ಹುಡುಗರನ್ನು ಹೊರಗಿಡುವುದು ಅದರ ಹಿಂದಿದ್ದ ಒಂದು ಉದ್ದೇಶ. ಜಾನ್ಸ್ ಹಾಪ್‌ಕಿನ್ಸ್ ಆ ಪದ್ಧತಿಯನ್ನು ಕೈಬಿಟ್ಟಿತು. 1964ರಲ್ಲಿ ಪದವಿ ಪಡೆದು ಮೊದಲು 5 ಡಾಲರ್ ಕೊಟ್ಟಿದ್ದ ಮೈಕಲ್ ಬ್ಲೂಮ್‌ಬರ್ಗ್ 2018ರಲ್ಲಿ 180 ಕೋಟಿ ಡಾಲರ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯಕ್ಕೆ, ಬಡ ಮಕ್ಕಳ ಓದಿಗೆ. 2023ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ದೊಡ್ಡ ದಾನಿಗಳು ಸಿಟ್ಟಿಗೆದ್ದು ಇನ್ನು ಒಂದೇ ಡಾಲರ್ ಕಳಿಸಿ ಎಂದು ಕರೆ ಕೊಟ್ಟರು. ಎಲ್ಲ ಕಡೆಯ ಒತ್ತಡದಲ್ಲಿ ಅಲ್ಲಿನ ಅಧ್ಯಕ್ಷರು ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಕೆಲವೇ ಕೈಗಳಿಂದ ಬಂದ ಹಣ ಆ ಕೈಗಳ ಮಾತು ಕೇಳಿಸುತ್ತದೆ. ಆದ್ದರಿಂದಲೇ 1890ರ ಯೇಲ್ ಯೋಚನೆ, ಅನೇಕರಿಂದ ಚೂರು ಚೂರು, ನನಗೆ ಇವತ್ತಿಗೂ ಹೆಚ್ಚು ಹಿಡಿಸುತ್ತದೆ.

ಈಗ ನಮ್ಮ ಕಾಲೇಜುಗಳಲ್ಲಿ ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘ ಇದೆಯೇ ಎಂದು ಗುಣಮಟ್ಟ ಅಳೆಯಲು ಬರುವ ನ್ಯಾಕ್ ಸಮಿತಿ ಕೇಳುತ್ತದೆ, ಅದಕ್ಕೆ ಅಂಕವಿದೆ. ಹಾಗಾಗಿ ಸಂಘಗಳು ಹುಟ್ಟುತ್ತಿವೆ. ಕಡತಕ್ಕಾಗಿ ಹುಟ್ಟಿದರೂ ಸರಿ, ಹುಟ್ಟಿದ ಮೇಲೆ ಬೆಳೆಸಬಹುದು.

ನಮ್ಮ ಗುರುವಂದನೆ ನಡೆಯಿತು. ಹತ್ತೊಂಬತ್ತು ಇದ್ದವರು ಬಾಯಿಂದ ಬಾಯಿಗೆ ಹುಡುಕುತ್ತ ನಲವತ್ತೊಂದಾದೆವು. ಏಳು ಜನ ತೀರಿಕೊಂಡದ್ದು ಅಂದೇ ಗೊತ್ತಾಯಿತು. ಶಾಲು, ಹಾರ, ಹಣ್ಣಿನ ಖರ್ಚು ಕಳೆದು ಉಳಿದ ಹಣದಲ್ಲಿ ಪ್ರಯೋಗಾಲಯಕ್ಕೆ ಆರು ಸೂಕ್ಷ್ಮದರ್ಶಕ ಕೊಡಿಸಿದೆವು. ಜೊತೆಗೆ ಗಟ್ಟಿ ರಟ್ಟಿನ ಒಂದು ದಪ್ಪ ವಹಿ ತಂದು, ಒಬ್ಬೊಬ್ಬರಿಗೂ ಒಂದೊಂದು ಪುಟ ಬಿಟ್ಟು, ಹೆಸರು, ಊರು, ಕೆಲಸ, ಫೋನ್ ನಂಬರು ಬರೆದೆವು. ತೀರಿಕೊಂಡವರಿಗೂ ಪುಟವಿಟ್ಟೆವು. ಮರುದಿನ ಕಚೇರಿಗೆ ಒಯ್ದು ಕೊಟ್ಟಾಗ ಅದೇ ಗುಮಾಸ್ತರು ಹಾಳೆ ತಿರುವಿ ನೋಡಿ, ಕಾಲೇಜಿನ ಸೀಲು ಒತ್ತಿ, ಒಳಬರುವ ಪತ್ರಗಳ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು ಹಾಕಿದರು. ಆಮೇಲೆ ಪೆನ್ನು ನನ್ನ ಕಡೆ ಚಾಚಿ, “ಸರ್, ನಾನೂ ಇಲ್ಲೇ ಓದಿದವನು, ತೊಂಬತ್ತೆರಡನೇ ಬ್ಯಾಚು. ನನ್ನ ಹೆಸರೂ ಬರೀರಿ” ಅಂದರು.